'ಹೀ ಸೆಡ್' ಹೋಗಿ 'ಹೀಸ್ ಲೈಕ್' ಬಂತು ಅಪ್ಪ

ಟೊರೊಂಟೊ
ಭಾನುವಾರ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಚಳಿ ಈಗಷ್ಟೇ ಬಿಟ್ಟಿದೆ. ವಿಷಯ ಇಂಗ್ಲಿಷ್ ಗ್ರಾಮರಿನದು, ಹಾಗಾಗಿ ಈ ಸಲದ ಪತ್ರ ಅಮ್ಮನಿಗಲ್ಲ, ನಿಮಗೆ.

ಹೋದ ವಾರ ಆಫೀಸಿನಲ್ಲಿ ಒಳ್ಳೆ ಪೆಚ್ಚಾದೆ. ಶನಿವಾರವೂ ಕೆಲಸಕ್ಕೆ ಬಾ ಅಂದ ಮ್ಯಾನೇಜರ್ ಬಗ್ಗೆ ಪಕ್ಕದ ಸೀಟಿನ ಹುಡುಗ ಊಟದ ಹೊತ್ತಲ್ಲಿ ಹೇಳುತ್ತಿದ್ದ. 'ಐ ವಾಸ್ ಲೈಕ್, ಐ ಕ್ವಿಟ್!' ಅಂದ. ನಾನು ಅವನ ಕೈ ಕುಲುಕಿ, ಬೇರೆ ಕೆಲಸ ಸಿಕ್ಕಿತಾ ಅಂತ ಕೇಳಿದೆ. ಬಿದ್ದು ಬಿದ್ದು ನಕ್ಕ. ಮ್ಯಾನೇಜರ್ ಎದುರು ಅವನು ಅಂದಿದ್ದು 'ಓಕೆ' ಅಷ್ಟೇ. 'ಐ ಕ್ವಿಟ್' ಹೊಟ್ಟೆಯೊಳಗೇ ಉಳಿದ ಮಾತು.

'ಐ ಸೆಡ್' ಅಂದರೆ ಬಾಯಿಂದ ಬಂದ ಮಾತು. 'ಐ ವಾಸ್ ಲೈಕ್' ಅಂದರೆ ಹೇಳಿದ್ದೂ ಆಗಬಹುದು, ಅಂದುಕೊಂಡಿದ್ದೂ ಆಗಬಹುದು, ಬರೀ ಮುಖ ಸಿಂಡರಿಸಿದ್ದೂ ಆಗಬಹುದು. ಅಮೆರಿಕದ ಭಾಷಾತಜ್ಞ ರೊನಾಲ್ಡ್ ಬಟರ್ಸ್ 1982ರಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಇಲ್ಲಿನ ಟೊರೊಂಟೊ ವಿಶ್ವವಿದ್ಯಾಲಯದ ಸಾಲಿ ಟ್ಯಾಗ್ಲಿಯಮಾಂಟೆ ಅವರೂ ಕೆನಡಾದ ಹುಡುಗ ಹುಡುಗಿಯರ ಮಾತಿನಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ನೀವಾಗಿದ್ದರೆ ಕೆಂಪು ಪೆನ್ನಲ್ಲಿ ಒಂದು ಸುತ್ತು ಹಾಕಿ ಮುಗಿಸುತ್ತಿದ್ದಿರಿ, ಅಲ್ವಾ?

ನನಗೆ ಮಜಾ ಅನಿಸಿದ್ದು ಬೇರೆ. ಡೈರೆಕ್ಟ್ ಸ್ಪೀಚನ್ನು ಇಂಡೈರೆಕ್ಟ್ ಮಾಡುವಾಗ 'ಐ' ಹೋಗಿ 'ಹೀ' ಆಗಬೇಕು, 'ವಿಲ್' ಹೋಗಿ 'ವುಡ್'. ನಾವು ಮರೆಯುತ್ತಿದ್ದೆವು, ನೀವು ಮಾರ್ಕ್ಸ್ ಕತ್ತರಿಸುತ್ತಿದ್ದಿರಿ. ನಮ್ಮ ತಪ್ಪೇನು ಹೇಳಿ? 'ನಾನು ಬರುತ್ತೇನೆ ಅಂತ ಅಂದ' ಅಂದರೆ ಕನ್ನಡದಲ್ಲಿ ಮುಗಿಯಿತು, 'ನಾನು' ಅಲ್ಲಾಡುವುದೇ ಇಲ್ಲ. ಇಲ್ಲಿಯ ಹುಡುಗರೂ ಹಾಗೇ: 'ಹೀಸ್ ಲೈಕ್, ಐ ವಿಲ್ ಕಮ್.' ಏನೂ ಬದಲಿಸುವುದಿಲ್ಲ. ನಮ್ಮ 'ಅಂತ' ಮಾತಿನ ಹಿಂದೆ ಬರುತ್ತದೆ, ಇವರ 'ಲೈಕ್' ಮುಂದೆ, ಅಷ್ಟೇ. ಆ ಮಾರ್ಕ್ಸ್ ಈಗಲಾದರೂ ವಾಪಸ್ ಕೊಡಿ.

ಡಿಕ್ಟೇಶನ್ ಕೊಡುವಾಗ ನೀವು 'ಇನ್ವರ್ಟೆಡ್ ಕಾಮಾಸ್' ಅಂತ ನಿಲ್ಲಿಸಿ ಹೇಳುತ್ತಿದ್ದಿರಲ್ಲ, ಅಂಥದ್ದು ಇಲ್ಲಿ ಬಾಯಿಮಾತಲ್ಲೂ ಇದೆ. ಮೊನ್ನೆ ಒಬ್ಬಾಕೆ ಸ್ಯಾಂಡ್‌ವಿಚ್ ಬಿಚ್ಚಿ ನೋಡಿ 'ಕೋಟ್ ಅನ್‌ಕೋಟ್ ಫ್ರೆಶ್' ಅಂದಳು. ಎರಡೂ ಕೈಯ ಎರಡೆರಡು ಬೆರಳನ್ನು ಗಾಳಿಯಲ್ಲಿ ಕೊಕ್ಕೆಯ ಹಾಗೆ ಬಗ್ಗಿಸಿದಳು. ಫ್ರೆಶ್ ಅನ್ನುವುದು ಮಾರಿದವರ ಮಾತು, ತನ್ನದಲ್ಲ ಅಂತ. ಆದರೆ ಪದ ಬರುವ ಮೊದಲೇ ಕೋಟ್ ತೆಗೆದು ಮುಚ್ಚಿಯೂ ಆಯಿತಲ್ಲ, ಒಳಗೆ ಉಳಿದದ್ದೇನು? ಅಮ್ಮನಾಗಿದ್ದರೆ 'ಫ್ರೆಶ್ ಅಂತೆ!' ಅಂತ ಮೂತಿ ತಿರುಗಿಸುತ್ತಿದ್ದಳು. ಬೆರಳು ಬೇಕಾಗುತ್ತಿರಲಿಲ್ಲ.

ಆ 'ಅಂತೆ'ಗೆ ಇಲ್ಲಿ 'ಅಪಾರೆಂಟ್ಲಿ' ಅಂತ ಹೇಳಿ ಸುಧಾರಿಸುತ್ತಿದ್ದೇನೆ. ಉದ್ದವಾಯಿತು, ರುಚಿಯೂ ಇಲ್ಲ.

ಅಂದ ಹಾಗೆ, ಹಿತ್ತಲ ಹಲಸು ಈ ಸಲ ಜಾಸ್ತಿ ಬಿಟ್ಟಿದೆಯಂತೆ, ಚಿಕ್ಕಪ್ಪ ಫೋನಲ್ಲಿ ಹೇಳಿದರು. ಹಪ್ಪಳ ಮಾಡಿದ್ದರೆ ಈ ಕಡೆ ಬರುವವರ ಕೈಲಿ ಒಂದು ಕಟ್ಟು ಕಳಿಸಲು ಅಮ್ಮನಿಗೆ ಹೇಳಿ.

ಇಂತಿ
ನಿಮ್ಮ ಮಗ