ಪ್ರಾಕ್ಸಿ ಬರೆಯುತ್ತಿರುವ ಪುಟ್ಟಿಗೆ ಅತ್ತೆಯ ಪತ್ರ

ಕ್ಷೇಮ. ಮೈಸೂರು

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಕೇಳುವವರಿಗೂ ತಾಣಗಳಿಗೂ ನಡುವೆ ನಿಂತು ಕೋರಿಕೆಗಳನ್ನು ದಾಟಿಸಲೆಂದು ನೀನು ಬರೆದ ಪ್ರಾಕ್ಸಿ ಸರ್ವರಿನ ಕೋಡ್ ಓದಿದೆ. ಅಚ್ಚುಕಟ್ಟಾಗಿದೆ. ಆದರೆ ‘ಮೊದಲು ಬಿಡುಗಡೆ, ಕೈಪಿಡಿ ಆಮೇಲೆ’ ಎಂದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆ ‘ಆಮೇಲೆ’ ಯಾರಿಗಾದರೂ ಬಂದದ್ದನ್ನು ನಾನಂತೂ ಕಂಡಿಲ್ಲ.

ಸ್ಕ್ವಿಡ್ ಎಂಬ ಪ್ರಾಕ್ಸಿಯನ್ನೇ ನೋಡು, 1996ರಿಂದ ಬಾಳುತ್ತಿದೆ. ಇಡೀ ಹಾಸ್ಟೆಲ್ ಒಂದೇ ಸಪೂರ ಇಂಟರ್ನೆಟ್ ಸಂಪರ್ಕಕ್ಕೆ ಜೋತುಬಿದ್ದಿದ್ದ ಕಾಲದಲ್ಲಿ ನಮ್ಮ ಲ್ಯಾಬ್ ನಡೆದದ್ದು ಅದರಿಂದಲೇ. ಅದರ ಮೂಲ ಕೋಡಿನಲ್ಲಿ ‘ಸಿಎಫ್ ಡೇಟಾ’ ಎಂಬ ಒಂದು ಫೈಲ್ ಇದೆ. ಪ್ರತಿ ಆಯ್ಕೆಯ ಹೆಸರು, ಬಗೆ, ಏನೂ ಹೇಳದಿದ್ದರೆ ಹಿಡಿಯುವ ಡೀಫಾಲ್ಟ್ ಮೌಲ್ಯ, ವಿವರಣೆ ಎಲ್ಲವೂ ಅಲ್ಲೇ. ಕಾನ್ಫಿಗರೇಶನ್ ಓದುವ ಕೋಡೂ ಬಳಸುವವರು ಓದುವ ವಿವರಣೆಯೂ ಆ ಒಂದೇ ಫೈಲಿನಿಂದ ಹುಟ್ಟುತ್ತವೆ. ಹೊಸ ಆಯ್ಕೆ ಸೇರಿಸಿ ವಿವರಣೆ ಬರೆಯದೆ ಜಾರಿಕೊಂಡರೆ, ಆ ಖಾಲಿ ಜಾಗ ಪರಿಶೀಲಿಸುವವರ ಕಣ್ಣಿಗೆ ರಾಚುತ್ತದೆ. ನೀನೂ ಹೀಗೇ ಮಾಡು.

ಕೈಪಿಡಿಯಿಲ್ಲದೆ ಏನು ಕೆಡುತ್ತದೆ ಎಂದು ಕೇಳಿದ್ದೀಯ. ಸ್ಕ್ವಿಡ್ ತನ್ನ ಅನುಮತಿ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿದ ಸಾಲೇ ತೀರ್ಪು. ಯಾವುದೂ ಹೊಂದದಿದ್ದರೆ? ಕೊನೆಯ ಸಾಲಿನ ವಿರುದ್ಧ! ಅಂದರೆ ಒಂದು ತಾಣವನ್ನು ತಡೆಯುವ ಸಾಲಿಗೇ ಪಟ್ಟಿ ಮುಗಿದರೆ, ಮಿಕ್ಕದ್ದೆಲ್ಲ ಊರಿಗೇ ತೆರೆದ ಬಾಗಿಲು. ಯಾರೋ ಅಪರಿಚಿತರು ನಿನ್ನ ಸರ್ವರಿನ ಮೂಲಕ ಕಿತಾಪತಿ ನಡೆಸಿದರೆ ದೂರು ಬರುವುದು ನಿನ್ನ ಐಪಿ ವಿಳಾಸದ ಮೇಲೆ. ‘ಕೊನೆಯಲ್ಲಿ ಎಲ್ಲರನ್ನೂ ತಡೆಯುವ ಸಾಲು ಇರಲಿ’ ಎಂದು ಅದರ ಕೈಪಿಡಿ ಎಚ್ಚರಿಸುವುದು ಇದಕ್ಕೇ. ಕೋಡ್ ನೋಡಿ ಇದನ್ನು ಊಹಿಸುವ ಹಣೆಬರಹ ಯಾರಿಗೂ ಬೇಡ.

ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರಿನಲ್ಲಿ, ಅದು ಕೋರಿಕೆಯನ್ನು ದಾಟಿಸಬೇಕಾದ ಸರ್ವರಿನ ವಿಳಾಸದ ತುದಿಗೆ ಒಂದು ಓರೆಗೆರೆ (/) ಇಟ್ಟರೆ ಕೋರಿಕೆಯಲ್ಲಿರುವ ದಾರಿಯ ಮುಂಭಾಗ ಬದಲಾಗುತ್ತದೆ, ಇಡದಿದ್ದರೆ ಬಂದ ಹಾಗೇ ಹೋಗುತ್ತದೆ. ಇಂಥ ಕಡೆ ಉದ್ದದ ವಿವರಣೆ ಬೇಡ. ಬಂದ ಕೋರಿಕೆ ಇದು, ಮುಂದೆ ಹೋದ ಕೋರಿಕೆ ಇದು ಎಂದು ಎರಡು ಸಾಲು ತೋರಿಸಿದರೆ ಸಾಕು. ಅದರ ಕೈಪಿಡಿ ಮೊದಮೊದಲು ಬಹುಪಾಲು ರಷ್ಯನ್ ಭಾಷೆಯಲ್ಲೇ ಇತ್ತು, ಆದರೂ ಜನ ಬಳಸಲಿಲ್ಲವೇ ಎಂದು ವಾದಿಸಬೇಡ. ಬರೆದದ್ದು ಇತ್ತು, ಅದಕ್ಕೇ ಬೇರೆಯವರು ಅನುವಾದಿಸಿಕೊಂಡರು.

ಕೋರಿಕೆ ಮೂಲತಃ ಯಾವ ವಿಳಾಸದಿಂದ ಬಂತೆಂದು ಹೇಳುವ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರನ್ನು ಯಾರು ಬೇಕಾದರೂ ಸುಳ್ಳಾಗಿ ಬರೆದು ಕಳುಹಿಸಬಹುದು. ನಿನ್ನ ಪ್ರಾಕ್ಸಿ ಅದನ್ನು ಯಾವಾಗ ನಂಬುತ್ತದೆ, ಯಾವಾಗ ಅಳಿಸುತ್ತದೆ ಎಂದು ಸ್ಪಷ್ಟವಾಗಿ ಬರೆ. ಇನ್ನೊಂದು, ನಿನ್ನ ಉದಾಹರಣೆಗಳಲ್ಲಿ ನಿಜವಾದ ಸರ್ವರಿನ ವಿಳಾಸವೇ ಇದೆ. ತೆಗೆದುಬಿಡು. 192.0.2.0/24 ಇಂಥದ್ದಕ್ಕೆಂದೇ ಮೀಸಲಾದ ವಿಳಾಸಗಳ ಗುಂಪು.

ಕೈಪಿಡಿಯನ್ನು ಕೋಡಿನ ಜೊತೆಗೇ ಇಡು, ಎಚ್‌ಎಪ್ರಾಕ್ಸಿ ಎಂಬ ಪ್ರಾಕ್ಸಿಯನ್ನು ಬರೆದವರ ಹಾಗೆ. ಆಗ ಯಾವ ಆವೃತ್ತಿ ಇಳಿಸಿಕೊಂಡರೂ ಅದರದೇ ಕೈಪಿಡಿ ಸಿಗುತ್ತದೆ. ಬರೆದು ಮುಗಿಸಿದ ಮೇಲೆ ನನಗೆ ಕಳುಹಿಸು. ಕೋಡ್ ಮುಟ್ಟದೆ, ಅದನ್ನಷ್ಟೇ ಓದಿ ಮನೆಯ ಹಳೆಯ ಕಂಪ್ಯೂಟರಿನಲ್ಲಿ ನಿನ್ನ ಪ್ರಾಕ್ಸಿ ನಡೆಸಲು ನೋಡುತ್ತೇನೆ, ಎಡವಿದ ಕಡೆಯೆಲ್ಲ ಗುರುತು ಹಾಕುತ್ತೇನೆ.

ಅಣ್ಣ ಅತ್ತಿಗೆಯರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅತ್ತೆ