ಕಿವಿಯಲ್ಲೇ ಓದಿಸಿದೋರಿಗೆ, ಕಿವಿಯಲ್ಲೇ ಹೆದರಿಸಿದೋರಿಗೆ ಥ್ಯಾಂಕ್ಸು

ಎಲ್ರಿಗೂ ನಮಸ್ಕಾರ. ಮೊನ್ನೆ ಚೆಕಪ್ಪಿಗೆ ಹೋದಾಗ ಡಾಕ್ಟ್ರು ಬಲಗಣ್ಣಲ್ಲಿದ್ದ ಗ್ಯಾಸ್ ಪೂರ್ತಿ ಹೋಗಿದೆ, ರೆಟಿನಾ ಚೆನ್ನಾಗಿ ಕೂತಿದೆ, ಇನ್ನು ಮೊಬೈಲು ನೋಡ್ಬೋದು, ಊರಿಗೂ ಹೋಗ್ಬೋದು ಅಂದ್ರು. ಇಷ್ಟು ದಿನ ಹೇಗಿದೀಯ ಅಂತ ಕೇಳ್ದೋರಿಗೆಲ್ಲ ನನ್ನ ಫೋನಿಂದ ಉತ್ತರ ಕೊಡ್ತಾ ಇದ್ದಿದ್ದು ಅಕ್ಕ. ಇದು ನಾನೇ ಕೂತು ಟೈಪ್ ಮಾಡ್ತಿರೋದು, ಕಣ್ಣು ಬೇಗ ಸುಸ್ತಾಗತ್ತೆ, ಅಲ್ಲಲ್ಲಿ ಅಕ್ಷರ ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಏನಾಗಿತ್ತು ಅಂತ ಗೊತ್ತಿಲ್ದೋರಿಗೆ ಬೇಗ ಹೇಳ್ಬಿಡ್ತೀನಿ. ಕಣ್ಣಿನ ಮುಂದೆ ಕಪ್ಪು ಚುಕ್ಕಿ ತೇಲಕ್ಕೆ ಶುರುವಾಯ್ತು, ಆಮೇಲೆ ಕತ್ತಲಲ್ಲಿ ಮಿಂಚು ಹೊಡೆದ ಹಾಗೆ, ಆಮೇಲೆ ಒಂದು ಕಡೆಯಿಂದ ಪರದೆ ಇಳಿದ ಹಾಗೆ. ರೆಟಿನಾ ಕಳಚಿತ್ತು. (ಮೈನಸ್ ನಂಬರ್ ಜಾಸ್ತಿ ಇರೋರು ಈ ಮೂರನ್ನೂ ನೆನಪಲ್ಲಿಟ್ಕೊಳ್ಳಿ, ನಾಳೆ ನೋಡೋಣ ಅನ್ಬೇಡಿ.) ಮಂಗಳೂರಲ್ಲಿ ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ಗುಳ್ಳೆ ಬಿಟ್ರು. ಗುಳ್ಳೆ ಯಾವಾಗ್ಲೂ ಮೇಲಕ್ಕೇ ತೇಲೋದಲ್ವಾ, ಅದು ಹಿಂದಿನ ಗೋಡೆಗೆ ರೆಟಿನಾನ ಒತ್ತಿ ಹಿಡೀಬೇಕು ಅಂದ್ರೆ ನಾವು ಮುಖ ಕೆಳಗೆ ಹಾಕೊಂಡೇ ಇರ್ಬೇಕು, ಊಟ ಮಾಡುವಾಗ್ಲೂ, ಮಲಗುವಾಗ್ಲೂ. ಅದು ಮುಗಿದ ಮೇಲೂ ಗ್ಯಾಸ್ ಕರಗೋ ತನಕ ಫ್ಲೈಟ್ ಹತ್ತೋ ಹಾಗಿಲ್ಲ, ನಮಗೆ ಘಾಟಿನೂ ಇಲ್ಲ, ಯಾಕಂದ್ರೆ ಎತ್ತರಕ್ಕೆ ಹೋದ್ರೆ ಗಾಳಿ ಒತ್ತಡ ಕಮ್ಮಿಯಾಗಿ ಗುಳ್ಳೆ ಹಿಗ್ಗತ್ತಂತೆ. ಹಾಗಾಗಿ ಆಗುಂಬೆ ಹತ್ತಿ ತೀರ್ಥಹಳ್ಳಿಗೆ ವಾಪಸ್ ಹೋಗಕ್ಕಾಗದೆ ಅಕ್ಕನ ಮನೇಲೇ ಠಿಕಾಣಿ. ಕೊನೆ ಕೊನೆಗೆ ಗುಳ್ಳೆ ಚಿಕ್ಕದಾದಾಗ ಅದರ ಅಂಚು ಕಣ್ಣಲ್ಲಿ ಗಾರೆ ಕೆಲಸದೋರ ರಸಮಟ್ಟದ ಥರ ಅಲ್ಲಾಡ್ತಾ ಇತ್ತು, ಅದೊಂದೇ ನನಗೆ ನೋಡಕ್ಕೆ ಸಿಕ್ಕಿದ ಸಿನಿಮಾ.

ಮೊದಲ ಥ್ಯಾಂಕ್ಸು ಭಾವನಿಗೆ. ಹಳೇ ಬೈಕ್ ಟ್ಯೂಬಿಗೆ ಅಕ್ಕನ ಕಾಟನ್ ಸೀರೆ ಸುತ್ತಿ, ಮುಖ ಇಟ್ಕೊಳ್ಳಕ್ಕೆ ದಿಂಬು ಮಾಡಿಕೊಟ್ಟೋರು ಅವ್ರೇ. ಸಂಜೆ ಬ್ಯಾಂಕಿಂದ ಬಂದು ಕಾಫಿ ಕುಡಿದು ನನ್ನ ತಲೆ ಹತ್ರ ನೆಲದ ಮೇಲೆ ಕೂತ್ಕೊಂಡು ‘ಕರ್ವಾಲೊ’ ಓದಿದ್ರು. ಭಾವ ಪಕ್ಕಾ ಮಂಗ್ಳೂರು, ತೇಜಸ್ವಿಯ ಮೂಡಿಗೆರೆ ಮಾತನ್ನ ಅವರ ಬಾಯಲ್ಲಿ ಕೇಳೋದೇ ಒಂದು ಮಜಾ, ಅದ್ರ ಮೇಲೆ ನಗು ಬರೋ ಜಾಗಕ್ಕಿಂತ ಎರಡು ಸಾಲು ಮುಂಚೆನೇ ನಗಕ್ಕೆ ಶುರು ಮಾಡ್ತಾರೆ. "ಇರು ಮಾರಾಯ, ಈ ಮಂದಣ್ಣ ಎಂತ ಮಾಡ್ತಾನೆ ಗೊತ್ತುಂಟಾ" ಅಂತ ನಕ್ಕು ನಕ್ಕು ಆ ಸಾಲು ಓದೋದೇ ಇಲ್ಲ, ನಾನು ಮುಖ ಎತ್ತೋ ಹಾಗಿಲ್ಲ, ಟ್ಯೂಬೊಳಗಿಂದಾನೇ "ಓದಿ ಭಾವಾ" ಅಂತ ಕಿರುಚ್ಬೇಕು. ನನ್ನ ಅಭಿಪ್ರಾಯ ಕೇಳಿದ್ರೆ 1980ರಲ್ಲಿ ಬಂದ ಈ ಪುಸ್ತಕದ ಅರ್ಧ ಶಕ್ತಿ ಹಾರುವ ಓತಿ ಅಲ್ಲ, ಕಿವಿ ಅನ್ನೋ ನಾಯಿ, ಪ್ಯಾರ, ಬಿರ್ಯಾನಿ ಕರಿಯಪ್ಪ, ಇವ್ರ ಗಲಾಟೆ. ಓತಿ ವಿಷ್ಯ ಎಲ್ರೂ ಮಾತಾಡ್ತಾರೆ, ಆದ್ರೆ ವಿಜ್ಞಾನಿನ ಹುಡುಕ್ಕೊಂಡು ಹೋದೋನಿಗೆ ಊರಿನ ಉಡಾಳರೇ ದಾರಿ ತೋರಿಸೋ ಕಥೆ ಅದು ಅನ್ನೋದು ನನಗೆ ಈ ಸಲ ಕೇಳುವಾಗ್ಲೇ ತಲೆಗೆ ಹೋಗಿದ್ದು.

ಚಿಕ್ಕಮ್ಮನಿಗೆ ಥ್ಯಾಂಕ್ಸ್ ಅಂದ್ರೆ ಬಯ್ತಾರೆ, ಆದ್ರೂ. ತೀರ್ಥಹಳ್ಳಿಯಿಂದ ದಿನಾ ಮಧ್ಯಾಹ್ನ ಫೋನ್ ಮಾಡಿ ‘ಮಲೆಗಳಲ್ಲಿ ಮದುಮಗಳು’ ಓದಿದ್ರು. ಕಾಲೇಜಲ್ಲಿ ನಾನು ಈ ಪುಸ್ತಕ ಶುರು ಮಾಡಿ, ಯಾವ ಹೆಗ್ಗಡೆ ಯಾವ ಮನೆಯೋರು ಅಂತ ನೆನಪಿಟ್ಕೊಳ್ಳಕ್ಕಾಗದೆ ಪಕ್ಕಕ್ಕಿಟ್ಟಿದ್ದೆ. ಚಿಕ್ಕಮ್ಮ ಓದುವಾಗ ಆ ತೊಂದ್ರೆನೇ ಇಲ್ಲ, ಪ್ರತಿಯೊಬ್ರಿಗೂ ಬೇರೆ ದನಿ, ನಾಯಿಗುತ್ತಿಗೆ ಒಂದು, ಪೀಂಚಲುಗೆ ಒಂದು, ಭರಮೈ ಹೆಗ್ಗಡೆಗೆ ಬೇರೆದೇ ಗತ್ತು. ಮಧ್ಯದಲ್ಲಿ "ಇರಾ, ಕುಕ್ಕರ್ ಕೂಗ್ತು" ಅಂತ ಎದ್ದು ಹೋಗ್ತಿದ್ರು, ಮಳೆಗಾಲದ ಕಾಡು, ಇಂಬಳ, ಹುಲಿಕಲ್ಲು ನೆತ್ತಿ ಎಲ್ಲ ಅಲ್ಲೇ ನಿಂತು ಅವ್ರಿಗೋಸ್ಕರ ಕಾಯ್ಬೇಕು. ಗುತ್ತಿಯ ನಾಯಿ ಹುಲಿಯನ ಕಥೆ ಮುಗಿಯೋ ಜಾಗಕ್ಕೆ ಬಂದಾಗ ಮಾತ್ರ ಚಿಕ್ಕಮ್ಮ ಸುಮ್ನಾಗ್ಬಿಟ್ರು. "ಇದು ಬ್ಯಾಡ ಕಣಾ, ಮುಂದಿಂದು ಓದ್ತೀನಿ" ಅಂದ್ರು, ಹಾರಿಸಿ ಮುಂದೆ ಹೋದ್ರು, ನಾನೂ ಕೇಳಲಿಲ್ಲ. ಕುವೆಂಪು 1967ರಲ್ಲಿ ಬರೆದ ಒಂದು ನಾಯಿಗೋಸ್ಕರ ನಮ್ಮನೇಲಿ ಇವತ್ತೂ ಹೀಗೆ ಪುಟ ಹಾರಿಸ್ತಾರೆ ಅಂದ್ರೆ ಬೇರೆ ವಿಮರ್ಶೆ ಬೇಕಾ? ಈ ಪುಸ್ತಕನ ಮೈಸೂರಿನ ರಂಗಾಯಣದೋರು 2010ರಲ್ಲಿ ಬೆಳಗಾಗೋ ತನಕ ನಡೆಯೋ ನಾಟಕ ಮಾಡಿದ್ರಲ್ಲ, ಅದು ಯಾಕೆ ಅಷ್ಟು ಉದ್ದ ಬೇಕಿತ್ತು ಅಂತ ನನಗೀಗ ಅರ್ಥ ಆಯ್ತು, ಇದನ್ನ ಬೇಗ ಬೇಗ ಹೇಳಿದ್ರೆ ಏನೂ ಉಳಿಯಲ್ಲ.

ಆಫೀಸಿನ ಮೇಡಂ, ನಿಮ್ಮ ವಾಯ್ಸ್ ನೋಟುಗಳು! ಬೆಳಿಗ್ಗೆ ವಾಕಿಂಗ್ ಮಾಡ್ತಾ ಓದಿ ಕಳಿಸಿದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೇಳುವಾಗ ಹಿಂದೆ ಬೆಂಗಳೂರಿನ ಆಟೋ ಹಾರನ್ನು, ತರಕಾರಿಯೋನ ಕೂಗು ಎಲ್ಲ ಇತ್ತು, ಆ ಕಥೆಗೆ ಅದಕ್ಕಿಂತ ಒಳ್ಳೆ ಬ್ಯಾಗ್ರೌಂಡ್ ಮ್ಯೂಸಿಕ್ ಯಾರೂ ಕೊಡಕ್ಕಾಗಲ್ಲ. ಎಲ್ರೂ ಅದನ್ನ ದುಡ್ಡು ಬಂದ ಮನೆಯ ಕಥೆ ಅಂತಾರೆ. ನಾನಂತೂ ಅದನ್ನ ಹಾರರ್ ಲಿಸ್ಟಲ್ಲಿ ಇಡ್ತೀನಿ, ಅದೂ ಮೇಲಿನ ಸ್ಥಾನದಲ್ಲೇ. ಆ ಮನೆಯೋರು ಇರುವೆ ಸಾಯಿಸೋ ಭಾಗ ಇದೆಯಲ್ಲ, ಯಾರೂ ಕಿರುಚಲ್ಲ, ದೆವ್ವ ಇಲ್ಲ, ಎಲ್ರೂ ಒಳ್ಳೆಯವ್ರ ಥರಾನೇ ಮಾತಾಡ್ತಾರೆ, ಅದೇ ಭಯ. ಕೊನೆ ನೋಟು ಮುಗಿದ ಮೇಲೆ ನಾನು ಅಕ್ಕನ್ನ ಕರೆದು ಸುಮ್ನೆ ಪಕ್ಕದಲ್ಲಿ ಕೂರಕ್ಕೆ ಹೇಳಿದೆ.

ಇನ್ನು ಹಾಡು. ಇದ್ರ ಕ್ರೆಡಿಟ್ಟು ಪೂರ್ತಿ ಧಾರವಾಡದ ದೋಸ್ತನಿಗೆ. ಅವ್ನು ಒಂದು ಸ್ಪೀಕರ್ ಕೊರಿಯರ್ ಮಾಡಿ ಒಂದು ಕಂಡೀಷನ್ ಹಾಕ್ದ, "ಲೇ, ಒಂದೊಂದ ಹಾಡು ಕೇಳಿ ಬಿಡೂದಲ್ಲ, ಆಲ್ಬಮ್ ಪೂರಾ ಕೇಳಬೇಕ ನೋಡು." ಸ್ಕ್ರೀನ್ ನೋಡಕ್ಕಾಗದಿರೋನಿಗೆ ಬೇರೆ ದಾರಿನೂ ಇರ್ಲಿಲ್ಲ. ಮಲ್ಲಿಕಾರ್ಜುನ ಮನ್ಸೂರ್ ಅವರ ವಚನಗಳಿಂದ ಶುರು ಮಾಡಿಸ್ದ. ಅಕ್ಕಮಹಾದೇವಿಯ ವಚನ ಅವರ ದನೀಲಿ ಕೇಳಿದ್ರೆ ಹಾಡ್ತಿದಾರೆ ಅನ್ಸೋದಿಲ್ಲ, ಪಕ್ಕದ ಮನೆ ಅಕ್ಕನಿಗೆ ವಿಷ್ಯ ಹೇಳ್ತಿದಾರೆ ಅನ್ಸತ್ತೆ. ಆಮೇಲೆ ಭೀಮಸೇನ ಜೋಶಿ ದಾಸವಾಣಿ. ಇಬ್ರೂ ಧಾರವಾಡ ಸೀಮೆಯವ್ರೇ, ಇಬ್ರಲ್ಲಿ ಯಾರು ಅಂತ ಅವ್ನು ನನ್ನ ಹತ್ರ ಜಗಳ ತೆಗೆದ, ನನ್ನ ಓಟು ಮನ್ಸೂರರಿಗೆ. ಜೋಶಿಯವರು ಬಾಗಿಲು ದೂಡಿ ಒಳಗೆ ಬರ್ತಾರೆ, ಬಿದ್ಕೊಂಡಿರೋ ಪೇಷಂಟಿಗೆ ಅದು ಒಂಚೂರು ಜಾಸ್ತಿ, ಆರೋಗ್ಯವಾಗಿರೋರು ಧಾರಾಳ ಕೇಳಿ.

ಅದಾದ ಮೇಲೆ ಪಿಂಕ್ ಫ್ಲಾಯ್ಡ್ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಅದು ಎದೆ ಬಡಿತದಿಂದ ಶುರುವಾಗಿ ಎದೆ ಬಡಿತದಲ್ಲೇ ಮುಗಿಯತ್ತೆ, ಬೋರಲು ಮಲಗಿದಾಗ ನಮ್ದೂ ಅದೇ ಸೌಂಡು ಮಂಚದಲ್ಲಿ ಕೇಳ್ತಿರತ್ತೆ, ಯಾವುದು ಯಾರದ್ದು ಅಂತ ಗೊತ್ತಾಗಲ್ಲ. ಆದ್ರೆ ‘ಟೈಮ್’ ಹಾಡಿನ ಶುರುವಲ್ಲಿ ಗಡಿಯಾರಗಳೆಲ್ಲ ಒಟ್ಟಿಗೆ ಹೊಡ್ಕೊಳ್ಳತ್ತಲ್ಲ, ಅದರ ಬಗ್ಗೆ ಒಂದು ವಾರ್ನಿಂಗ್ ಕೊಡ್ಬೇಕಿತ್ತು ಮಾರಾಯ, ನಾನು ಟ್ಯೂಬ್ ಸಮೇತ ಕೆಳಗೆ ಬೀಳೋದ್ರಲ್ಲಿದ್ದೆ. ಆ ಗಡಿಯಾರಗಳನ್ನ ಸೌಂಡ್ ಇಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರದ ಅಂಗಡೀಲಿ ಒಂದೊಂದಾಗಿ ರೆಕಾರ್ಡ್ ಮಾಡಿ ಜೋಡಿಸಿದ್ದಂತೆ. ದೋಸ್ತನಿಗೆ ಭಾವಗೀತೆ ಅಂದ್ರೆ ಅಷ್ಟಕ್ಕಷ್ಟೇ, ಹಾಗಾಗಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ನ ಅಕ್ಕನ ಹತ್ರ ಹಾಕಿಸ್ಕೊಂಡೆ. ನಿಸಾರ್ ಅಹಮದ್ ಕವಿತೆಗಳ 1978ರ ಆ ಕ್ಯಾಸೆಟ್ಟಿಂದಾನೇ ಕನ್ನಡದಲ್ಲಿ ಕ್ಯಾಸೆಟ್ ಭಾವಗೀತೆ ಕಾಲ ಶುರುವಾಗಿದ್ದು. ಇವತ್ತು ಅದೇ ಹಾಡುಗಳನ್ನ ಸ್ಟೇಜಲ್ಲಿ ಹತ್ತು ಜನ ಕೋರಸ್ ಇಟ್ಟು ಕೂಗಿ ಹಾಡೋದು ನನಗೆ ಆಗಿಬರಲ್ಲ, ಅನಂತಸ್ವಾಮಿಯವರದ್ದು ಕವಿತೆ ಓದ್ತಾ ಓದ್ತಾ ಹಾಡಾಗಿಬಿಟ್ಟ ಹಾಗಿದೆ. ಹಂಸಲೇಖರ 1987ರ ‘ಪ್ರೇಮಲೋಕ’ನೂ ಹಾಕಿಸ್ದೆ, ಸಿನಿಮಾ ನೋಡಕ್ಕಾಗದವ್ರಿಗೆ ಅದು ವರದಾನ, ಅರ್ಧ ಡೈಲಾಗು ಹಾಡಲ್ಲೇ ಇದೆ.

ಈಗ ದೆವ್ವದ ಡಿಪಾರ್ಟ್‌ಮೆಂಟು. ಅಕ್ಕನ ಮಗಳಿಗೆ ಹಾರರ್ ಅಂದ್ರೆ ಪ್ರಾಣ, ಮಾವ ಪುಕ್ಸಟ್ಟೆ ಸಿಕ್ಕಿದಾನೆ ಅಂತ ರಾತ್ರಿ ಟಿವಿ ಹಾಕಿ ಕಾಮೆಂಟರಿ ಕೊಡ್ತಿದ್ಳು. "ಮಾವ, ಈಗ ಮೆಟ್ಲು ಇಳೀತಿದಾಳೆ. ಬಾಗ್ಲು ಹತ್ರ ಬಂದ್ಲು. ಬಾಗ್ಲು ತೆಗೀತಿದಾಳೆ ಮಾವ." ಆಮೇಲೆ ಸೈಲೆಂಟು. "ಏನಾಯ್ತೇ?" "ಗೊತ್ತಿಲ್ಲ ಮಾವ, ನಾನು ಕಣ್ಣು ಮುಚ್ಕೊಂಡಿದೀನಿ." ಇಬ್ರೂ ಕಣ್ಣು ಮುಚ್ಕೊಂಡು ಹಾರರ್ ನೋಡಿದ ಮನೆ ನಮ್ದೊಂದೇ ಇರ್ಬೇಕು.

ಪಿಕ್ಚರ್ ಇಲ್ದೆ ಕೇಳಿದ್ರೆ ಯಾವ ಹಾರರ್ ಗಟ್ಟಿ ಯಾವುದು ಜೊಳ್ಳು ಅಂತ ತಕ್ಷಣ ಗೊತ್ತಾಗತ್ತೆ. ಈಗಿನ ಸುಮಾರು ಸಿನಿಮಾಗಳದ್ದು ಒಂದೇ ಉಪಾಯ, ಸುಮ್ನಿದ್ದು ಢಬ್ ಅನ್ನೋದು. 1973ರ ‘ದ ಎಕ್ಸಾರ್ಸಿಸ್ಟ್’ ಹಾಗಲ್ಲ, ಸೌಂಡಿಗೇ ಆಸ್ಕರ್ ಬಂದ ಸಿನಿಮಾ ಅದು. ಆ ಹುಡುಗಿ ಬಾಯಿಂದ ಬರೋ ದೆವ್ವದ ದನಿ ಮರ್ಸಿಡಿಸ್ ಮೆಕೇಂಬ್ರಿಜ್ ಅನ್ನೋ ನಟಿಯದ್ದು, ಗಂಟಲು ಹಾಗೆ ಬರ್ಲಿ ಅಂತ ಹಸಿ ಮೊಟ್ಟೆ ನುಂಗಿ ಸಿಗರೇಟ್ ಸೇದಿ ಡಬ್ ಮಾಡಿದ್ದಂತೆ. ನೋಡಿದಾಗ ನನಗೆ ಅಷ್ಟೇನೂ ಅನ್ಸಿರ್ಲಿಲ್ಲ, ಕೇಳಿದಾಗ ಮಾತ್ರ ಬೆವರಿಳೀತು. ‘ತುಂಬಾಡ್’ದು ಮಳೆ ಸದ್ದೇ ಸಾಕು, ನಮ್ಮ ಕಡೆ ಮಳೆ ಕೇಳಿ ಬೆಳೆದೋನಿಗೂ ಆ ಮಳೆ ಬೇರೆನೇ ಅನ್ಸಿತು.

ಕನ್ನಡದ್ದು ಹೇಳ್ಲೇಬೇಕು. 1979ರ ‘ನಾ ನಿನ್ನ ಬಿಡಲಾರೆ’, ಅನಂತ್ ನಾಗ್ ದೆವ್ವ ಹಿಡಿದ ಗಂಡನಾಗಿ ದನಿಯಲ್ಲೇ ಮಾಡೋ ಆಟ ಇದೆಯಲ್ಲ, ನನ್ನ ಪ್ರಕಾರ ನಮ್ಮಲ್ಲಿ ಅದನ್ನ ಮೀರಿಸಿದ್ದು ಇನ್ನೂ ಬಂದಿಲ್ಲ, ಅಕ್ಕ ಅಂತೂ ಅಡುಗೆಮನೆಯಿಂದ ಆಚೆಗೇ ಬರ್ಲಿಲ್ಲ. 1993ರ ಉಪೇಂದ್ರರ ‘ಶ್!’ ಭಯಕ್ಕಿಂತ ತರಲೆಗೇ ಇಷ್ಟ. ‘ಆಪ್ತಮಿತ್ರ’ಕ್ಕೆ ಮನೇಲಿ ದೊಡ್ಡ ಜಗಳ ಆಯ್ತು, ಮಲಯಾಳಂ ‘ಮಣಿಚಿತ್ರತ್ತಾಳ್’ ಮುಂದೆ ಇದೇನೂ ಅಲ್ಲ ಅಂತ ಭಾವ, ವಿಷ್ಣುದಾದಾ ಬಗ್ಗೆ ಮಾತಾಡ್ಬೇಡಿ ಅಂತ ಅಕ್ಕ. ಸಿನಿಮಾವಾಗಿ ಮಲಯಾಳಂದೇ ಮೇಲು ಅಂತ ನಾನೂ ಒಪ್ತೀನಿ. ಆದ್ರೆ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ತೀರ್ಕೊಂಡು ಅದೇ ಆಗಸ್ಟಲ್ಲಿ ಈ ಸಿನಿಮಾ ಬಂದಾಗ ಥಿಯೇಟರಲ್ಲಿ ಕೂತು ನೋಡಿದೋರಿಗೆ ನಾಗವಲ್ಲಿ ಬರೀ ಪಾತ್ರ ಆಗಿರ್ಲಿಲ್ಲ, ಆ ಹಿಂಸೆ ಯಾವ ಒರಿಜಿನಲ್ಲಲ್ಲೂ ಇಲ್ಲ.

ಹಣ್ಣು ತಂದೋರು, ಡ್ರಾಪ್ಸ್ ಹಾಕಕ್ಕೆ ರಾತ್ರಿ ಎದ್ದೋರು, ಬರೀ "ಬೇಗ ಹುಷಾರಾಗು" ಅಂತ ಮೆಸೇಜ್ ಹಾಕಿದೋರು, ಎಲ್ರಿಗೂ ಇದ್ರಲ್ಲೇ ಕೈ ಮುಗೀತೀನಿ. ಗುರುವಾರ ಊರಿಗೆ ಹೊರಡ್ತಿದೀನಿ. ಪುಟ್ಟಿ, ನಿನ್ನ ಪರೀಕ್ಷೆ ಮುಗಿದ ಮೇಲೆ ಬಾ, ಮಮ್ಮುಟ್ಟಿಯ ‘ಭ್ರಮಯುಗಂ’ ಇಬ್ರೂ ಕಣ್ಣು ಬಿಟ್ಕೊಂಡು ನೋಡೋಣ, ಹೇಗೂ ಬ್ಲಾಕ್ ಅಂಡ್ ವೈಟು. ಮೇಡಂ, ಮುಂದಿನ ಪುಸ್ತಕ ನೀವೇ ಹೇಳಿ, ಆದ್ರೆ ಇರುವೆ ಇಲ್ದಿರೋದು. ದೋಸ್ತ, ಸ್ಪೀಕರ್ ವಾಪಸ್ ಕೊಡಲ್ಲ, ಕೇಳಬ್ಯಾಡ.