ಗೆಳೆಯನಿಗೊಂದು ಪತ್ರ: ಅರ್ಜಿ ತಿರಸ್ಕಾರವಾದ ಮೇಲೆ

ಗೆಳೆಯಾ,

ಕಾಯಿಲೆಯಿಂದ ಕೆಲಸ ಮಾಡಲಾಗದವರಿಗೆ ಕೊಡುವ ಡಿಸೆಬಿಲಿಟಿ ಹಣಕ್ಕೆ ನೀನು ಹಾಕಿದ ಅರ್ಜಿ ತಿರಸ್ಕರಿಸಿ ಸೋಶಿಯಲ್ ಸೆಕ್ಯುರಿಟಿಯವರು ಕಳಿಸಿದ ಕಾಗದದ ಫೋಟೋ ನೋಡಿದೆ. ಮೊದಲ ಸಲ ಇಲ್ಲ ಅನ್ನುವುದು ಅಮೆರಿಕದಲ್ಲಿ ಮಾಮೂಲು. ಹೊಸ ಅರ್ಜಿ ಹಾಕಲು ಮಾತ್ರ ಹೋಗಬೇಡ ಮಾರಾಯ, ಹಳೆಯ ಅರ್ಜಿಯ ತಾರೀಕು ಹೋದರೆ ಅದರ ಜೊತೆ ಬಾಕಿ ಹಣವೂ ಕೈತಪ್ಪಬಹುದು. ಮೇಲ್ಮನವಿಗೆ ಕಾಗದ ಕೈಸೇರಿದಾಗಿನಿಂದ 60 ದಿನ ಇದೆ. ಅದರ ಮೇಲಿನ ತಾರೀಕಿನಿಂದ 5 ದಿನಕ್ಕೆ ನಿನಗೆ ಸಿಕ್ಕಿತೆಂದೇ ಅವರ ಲೆಕ್ಕ. ದಾಖಲೆ ಎಲ್ಲ ಸೇರಲಿ ಎಂದು ಕಾಯಬೇಡ, ಮೊದಲು ಮನವಿ ಹಾಕು.

ಕಾರಣ ಏನು ಬರೆದಿದ್ದಾರೆ ಸರಿಯಾಗಿ ಓದು. ಕ್ರೆಡಿಟ್ (ಇಲ್ಲಿ ದುಡಿದು ಸೋಶಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿದ್ದರ ಲೆಕ್ಕ) ಸಾಲದು ಎಂದಿದ್ದರೆ ಡಾಕ್ಟರ ಕಾಗದದಿಂದ ಏನೂ ಆಗದು. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದವಿಲ್ಲ, ಹಾಗಾಗಿ ಬೆಂಗಳೂರಲ್ಲಿ ಪಿಎಫ್ ಕಟ್ಟಿದ ವರ್ಷಗಳು ಇಲ್ಲಿ ಲೆಕ್ಕಕ್ಕಿಲ್ಲ. ನಿನ್ನದು ಅದಲ್ಲ ಬಿಡು. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲು ಊದುವ ಸಂಧಿವಾತ, ಇದೆ ಅಂತ ಅವರೂ ಒಪ್ಪಿದ್ದಾರೆ. ಆದರೂ ಕೂತು ಮಾಡುವ ಕೆಲಸ ಮಾಡಬಲ್ಲೆ ಅನ್ನುವುದೇ ಅವರ ವಾದ.

ಮೇಲ್ಮನವಿಯ ಮೊದಲ ಮೆಟ್ಟಿಲು ರೀಕನ್ಸಿಡರೇಶನ್, ಅಂದರೆ ಮರುಪರಿಶೀಲನೆ, ಆನ್‌ಲೈನಲ್ಲೇ ಹಾಕಬಹುದು. ಕಾಗದದಲ್ಲಾದರೆ ಅವರ ಫಾರ್ಮುಗಳು ಬೇಕು: ಮನವಿಯ ಎಸ್ಎಸ್ಎ 561, ಈಗಿನ ಸ್ಥಿತಿ ತಿಳಿಸುವ 3441, ಮತ್ತು ಆಸ್ಪತ್ರೆ ದಾಖಲೆ ತರಿಸಿಕೊಳ್ಳಲು ಒಪ್ಪಿಗೆಯ 827. 3441ರಲ್ಲಿ ಹಳೆಯ ಪುರಾಣ ಬೇಡ. ಮೊದಲ ಅರ್ಜಿಯ ನಂತರ ಯಾವ ಕೀಲು ಹೊಸದಾಗಿ ಊದಿತು, ಯಾವ ಔಷಧಿ ಬದಲಾಯಿತು, ಅಷ್ಟು ಸಾಕು.

‘ಇವರಿಂದ ಕೆಲಸ ಆಗುವುದಿಲ್ಲ’ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಗೆ ಬೆಲೆಯಿಲ್ಲ. 2017ರ ಮಾರ್ಚ್ 27ರಿಂದೀಚೆಗಿನ ಅರ್ಜಿಗಳಲ್ಲಿ ಅಂಥ ತೀರ್ಮಾನವನ್ನು ಅವರು ಪರಿಗಣಿಸುವುದೇ ಇಲ್ಲ. ಬೇಕಿರುವುದು ಅಳತೆ: ಒಂದೇ ಸಮನೆ ಎಷ್ಟು ನಿಮಿಷ ಟೈಪ್ ಮಾಡಬಲ್ಲೆ, 8 ಗಂಟೆಯಲ್ಲಿ ಬೆರಳು ಒಟ್ಟು ಎಷ್ಟು ಹೊತ್ತು ನಡೆಯುತ್ತದೆ, ಬೆಳಗಿನ ಬಿಗಿತ ಎಷ್ಟು ಹೊತ್ತಿಗೆ ಬಿಡುತ್ತದೆ, ಮೆಥೊಟ್ರೆಕ್ಸೇಟ್ ಔಷಧಿ ತಗೊಂಡ ಮಾರನೇ ದಿನ ಏಳಲಾಗುತ್ತದೋ, ತಿಂಗಳಿಗೆ ಎಷ್ಟು ದಿನ ರಜೆ ಬೇಕಾದೀತು. ಒಂದೊಂದರ ಪಕ್ಕದಲ್ಲೂ ಆಧಾರ ಇರಲಿ: ಊದಿದ ಕೀಲುಗಳ ಹೆಸರು, ಎಕ್ಸ್‌ರೇಯಲ್ಲಿ ಕಂಡ ಸವೆತ, ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ. ನಿನ್ನ ರುಮಟಾಲಜಿಸ್ಟ್ (ಸಂಧಿವಾತದ ಡಾಕ್ಟರು) ಹತ್ತಿರ ಇದನ್ನೇ ಬರೆಸು.

ಕೇಸು ಕೆಡುವುದು ಬೇರೆ ಕಡೆ. ಹೇಗಿದ್ದೀರಿ ಎಂದರೆ ನಮ್ಮವರು ಸಂಕೋಚಕ್ಕೆ ಪರವಾಗಿಲ್ಲ ಅಂದುಬಿಡುತ್ತಾರೆ, ಅದು ಹಾಗೇ ಕಡತ ಸೇರುತ್ತದೆ. ದಿನಚರಿಯ ಫಾರ್ಮಿನಲ್ಲೂ ‘ಅಡುಗೆ ಮಾಡುತ್ತೇನೆ’ ಅಂತ ಬರೆದರೆ ಮುಗಿಯಿತು. ಕುಕ್ಕರ್ ಮುಚ್ಚಳ ಹೆಂಡತಿಯೇ ತೆಗೆಯಬೇಕು, ತರಕಾರಿ ಹೆಚ್ಚಲಾಗುವುದಿಲ್ಲ, ಅನ್ನಕ್ಕಿಟ್ಟು ಹೋಗಿ ಮಲಗುತ್ತೇನೆ ಅಂತ ಪೂರ್ತಿ ಬರೆ. ನಡುವೆ ಚಿಕಿತ್ಸೆ ನಿಂತಿದ್ದರೆ ಯಾಕೆ ಎಂಬುದನ್ನೂ ಸೇರಿಸು. ಇನ್ಶೂರೆನ್ಸ್ ತಪ್ಪಿದ್ದೂ ಕಾರಣವೇ.

ಇಲ್ಲೂ ಇಲ್ಲ ಅಂದರೆ ಮತ್ತೆ 60 ದಿನದೊಳಗೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳು. ಅಲ್ಲಿಗೆ ಹೋಗುವಾಗ ವಕೀಲರಿರಲಿ. ಸಾಮಾನ್ಯ ಒಪ್ಪಂದದಲ್ಲಿ ಗೆದ್ದರೆ ಮಾತ್ರ ಫೀಸು, ಬಾಕಿ ಹಣದ ಶೇ. 25, ಅದಕ್ಕೂ ಮಿತಿಯಿದೆ. ದಾಖಲೆಗಳು ವಿಚಾರಣೆಗೆ 5 ಕೆಲಸದ ದಿನ ಮೊದಲೇ ತಲುಪಿರಬೇಕು. ಅಲ್ಲಿ ನಿನ್ನಂಥವರಿಗೆ ಯಾವ ಕೆಲಸ ಸಾಧ್ಯ ಎಂದು ಹೇಳಲು ಉದ್ಯೋಗ ತಜ್ಞರೊಬ್ಬರು ಕೂತಿರುತ್ತಾರೆ. ಬೆರಳು ದಿನದ ಮೂರನೇ ಒಂದು ಪಾಲು ಮಾತ್ರ ನಡೆಯುವವನಿಗೆ ಕೂತು ಮಾಡುವ ಕೆಲಸ ಯಾವುದಿದೆ ಎಂದು ವಕೀಲರಿಂದ ಅವರನ್ನು ಕೇಳಿಸು. ಆ ಥರದ ಬಹುಪಾಲು ಕೆಲಸಕ್ಕೆ ಎರಡೂ ಕೈ ಚೆನ್ನಾಗಿರಬೇಕು.

3441ರ ಕರಡು ಈ ವಾರವೇ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ ಗೆಳೆಯ